ಪಂಚಮಿ ಉಂಡಿಯ ಡಬ್ಬಿ

ಹಬ್ಬದ ಶುಭಾಶಯ ಫಾರ್ವರ್ಡ್ ಮಾಡುವ ಮೊದಲು ಎರಡು ನಿಮಿಷ ಕೂತು ಇದನ್ನು ಓದಿ…

ಗಜೇಂದ್ರಗಡದ ದಾಕ್ಷಾಯಣಿ ನರ್ಸ್ ಕೆಲಸಕ್ಕೆಂದು ಐರ್ಲೆಂಡಿಗೆ ಹೋಗಿ ಆರು ತಿಂಗಳಾಗಿತ್ತು.

"ಗೆದ್ದಳು ಬಿಡು ಹುಡುಗಿ" ಅಂದಿತ್ತು ಊರು. ಗೆದ್ದವಳು ಅಲ್ಲಿ ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು… ಪಕ್ಕದ ರೂಮಿನವರಿಗೆ ಕೇಳಬಾರದೆಂದು.

ಚಳಿಯನ್ನು ಹೇಗೋ ತಡೆದುಕೊಳ್ಳಬಹುದಿತ್ತು. ಆದರೆ ಬೆಳಗಿನಿಂದ ಸಂಜೆಯ ತನಕ "ಉಂಡೀ ಏನವಾ?" ಅಂತ ಕೇಳುವ ಒಂದು ಜೀವವೂ ಅಲ್ಲಿರಲಿಲ್ಲ.

ಮೊದಲ ಎರಡು ತಿಂಗಳು ಫೋನಿನಲ್ಲಿ ದಿನಾ ಅದೇ ಗೋಳು.

"ಅವ್ವಾ, ನಾ ಇಲ್ಲಿ ಇರಂಗಿಲ್ಲ… ವಾಪಸ್ ಬರ್ತೀನಿ."

ಒಂದು ದಿನ ಅಣ್ಣ ಈರಣ್ಣ ಗದರಿಸಿದ. "ನೀ ಹಿಂಗ ಅತ್ರ ಅವ್ವ ಆ ದಿನ ಉಣ್ಣೂದ ಇಲ್ಲ. ಆಕಿ ಮಾರಿ ನೋಡಿಯರ ನಗು."

ಅಂದಿನಿಂದ ದಾಕ್ಷಾಯಣಿ ನಗುವುದನ್ನು ಕಲಿತಳು. ಮುಖ ತೊಳೆದು, ಪೌಡರ್ ಹಚ್ಚಿ, ಆಮೇಲೆ ವಿಡಿಯೋ ಕಾಲ್.

"ಆರಾಮ್ ಅದೀನವಾ. ಇಲ್ಲಿ ಮಂದಿ ಭಾಳ ಛಲೋ ಅದಾರ."

ಐದು ನಿಮಿಷಕ್ಕೆ ಕಟ್. ಆರನೆಯ ನಿಮಿಷಕ್ಕೆ ಕಣ್ಣು ತುಂಬುತ್ತದೆ ಅಂತ ಅವಳಿಗೆ ಗೊತ್ತಿತ್ತು.

ಕಳೆದ ನಾಲ್ಕು ವಾರಗಳಿಂದ ಅವ್ವ ಫೋನಿಗೇ ಸಿಕ್ಕಿರಲಿಲ್ಲ. "ಗಂಟಲ ಕಟ್ಟೇತಿ, ಡಾಕ್ಟರು ಮಾತಾಡಬ್ಯಾಡ ಅಂದಾರ" ಅಂತ ಒಮ್ಮೆ ಅಣ್ಣ ಹೇಳಿದ. "ಮಠಕ್ಕ ಹೋಗ್ಯಾಳ" ಅಂತ ಇನ್ನೊಮ್ಮೆ.

ನರ್ಸ್ ಆದವಳಿಗೆ ಅನುಮಾನ ಬರಬೇಕಿತ್ತು… ಬರಲಿಲ್ಲ. ತನ್ನ ಸುಳ್ಳನ್ನು ಮುಚ್ಚಿಡುವ ಗಡಿಬಿಡಿಯಲ್ಲಿ ಅಣ್ಣನ ಸುಳ್ಳು ಅವಳಿಗೆ ಕಾಣಲಿಲ್ಲ.

ನಾಗರ ಪಂಚಮಿ ಬಂತು, ಹೋಯಿತು. ಅವರ ಕಡೆ ಅದು ಹೆಣ್ಣುಮಕ್ಕಳ ಹಬ್ಬ. ಬೆಲ್ಲದ ಪಾಕದಲ್ಲಿ ಶೇಂಗಾ, ಎಳ್ಳಿನ ಉಂಡಿ ಕಟ್ಟದಿದ್ದರೆ ಅದು ಪಂಚಮಿಯೇ ಅಲ್ಲ.

ಹಬ್ಬವಾಗಿ ನಾಲ್ಕು ದಿನಕ್ಕೆ, ಊರಿಗೆ ಹೋಗಿ ರಜೆ ಮುಗಿಸಿ ಬಂದ, ಬೇರೆ ವಾರ್ಡಿನ ಹುಬ್ಬಳ್ಳಿಯ ನರ್ಸ್ ಸ್ಟೆಲ್ಲಾ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಒಂದು ಸ್ಟೀಲ್ ಡಬ್ಬಿ ತಂದುಕೊಟ್ಟಳು.

"ನಿಮ್ಮಣ್ಣ ಹುಬ್ಬಳ್ಳಿ ತನಕ ಬಂದು ಕೊಟ್ಟು ಹೋದ್ರು ನೋಡ. ಕೂಡಂದ್ರ ಕೂಡಲಿಲ್ಲ."

ಆರು ತಿಂಗಳಲ್ಲಿ ಮೊದಲ ಸಲ ಅವಳ ಮುಖದ ಮೇಲೆ ನಿಜವಾದ ನಗು. ಅಲ್ಲೇ ಮುಚ್ಚಳ ತೆಗೆದಳು.

ನಗು ಅಲ್ಲಿಗೇ ನಿಂತಿತು…

ಒಂದು ಉಂಡಿ ಲಿಂಬೆಹಣ್ಣಿನಷ್ಟು, ಇನ್ನೊಂದು ಮುಷ್ಟಿಯಷ್ಟು. ಒಂದರಲ್ಲಿ ಏಲಕ್ಕಿ, ಒಂದರಲ್ಲಿ ಒಣಶುಂಠಿ. ಬರೀ ಶೇಂಗಾ ಉಂಡಿಯಲ್ಲೇ ಮೂರು ಬಣ್ಣ. ಅವು ಒಬ್ಬಳು ಕಟ್ಟಿದ ಉಂಡಿಗಳಲ್ಲ, ಏಳೆಂಟು ಮನೆಯವು.

ಅವರ ಓಣಿಯಲ್ಲಿ ಒಂದು ಪದ್ಧತಿ. ಸಾವಾದ ಮನೆಯಲ್ಲಿ ಮುಂದೆ ಬರುವ ಮೊದಲ ಹಬ್ಬಕ್ಕೆ ಒಲೆಯ ಮೇಲೆ ಬಾಣಲೆ ಇಡುವುದಿಲ್ಲ. ಓಣಿಯವರೇ ಮನೆಗೆ ನಾಲ್ಕು ನಾಲ್ಕರಂತೆ ಉಂಡಿ ತಂದುಕೊಟ್ಟು ಹೋಗುತ್ತಾರೆ.

ಪಾಪ ಈರಣ್ಣ… ತಂಗಿಗೆ ಹಬ್ಬ ತಪ್ಪಬಾರದೆಂದು ಬಂದದ್ದನ್ನೆಲ್ಲ ತುಂಬಿ ಕಳಿಸಿದ್ದ. ಗಂಡಸರಿಗೆ ಉಂಡಿ ಅಂದರೆ ಉಂಡಿ, ಅಷ್ಟೇ. ಯಾರ ಕೈಯದು ಅಂತ ಹೆಣ್ಣುಮಕ್ಕಳು ನೋಡಿದ ಕೂಡಲೇ ಹೇಳುತ್ತಾರೆ ಅನ್ನುವುದು ಅವನಿಗೆ ಹೊಳೆದೇ ಇರಲಿಲ್ಲ.

ಅಲ್ಲಿಂದಲೇ ಅಣ್ಣನಿಗೆ ಫೋನ್ ಹಚ್ಚಿದಳು.

"ಅಣ್ಣಾ… ನಮ್ಮನ್ಯಾಗ ಬಾಣಲಿ ಯಾಕ ಇಟ್ಟಿಲ್ಲ?"

"ಯಾರ ಹೇಳಿದ್ರು ನಿನಗ?"

"ಅವ್ವ ಹೋಗಿ ಎಷ್ಟ ದಿನ ಆತು?"

"ಇಪ್ಪತ್ತಾರು…" ಈರಣ್ಣ ಸಣ್ಣ ಮಕ್ಕಳಂತೆ ಬಿಕ್ಕಿದ. "ಎದಿಬ್ಯಾನಿ ಬಂದು ಎರಡ ದಿನ ಆಸ್ಪತ್ರ್ಯಾಗ ಇದ್ಲು. ನಿನಗ ಹೇಳ್ತೀನಿ ಅಂದ್ರ, ಹೇಳಬ್ಯಾಡಂತ ಆಣಿ ಮಾಡಿಸಿಕೊಂಡ್ಲು."

"ಯಾಕೊ ಅಣ್ಣಾ? ಯಾಕ?"

"ಕಡೀ ದಿನ ನನ್ನ ಕೇಳಿದ್ಲು… 'ದಾಕ್ಷಾಯಣಿ ಇವತ್ತ ಫೋನಿನ್ಯಾಗ ಅತ್ತಳೇನೊ?' ಅಂತ. 'ಇಲ್ಲವ್ವ, ನಕ್ಕೊಂತ ಮಾತಾಡಿದ್ಲು' ಅಂದೆ. 'ನನಗ ಆಕಿನ್ನ ನೋಡಬೇಕು ಅನಸ್ತೈತಿ… ಆದ್ರ ಈಗರ ನಗಾಕತ್ತಾಳ ಹುಡುಗಿ, ಕರದು ಅಳಸಬ್ಯಾಡ' ಅಂದ್ಲು."

ದಾಕ್ಷಾಯಣಿ ಕ್ಯಾಂಟೀನಿನ ನೆಲದ ಮೇಲೇ ಕೂತುಬಿಟ್ಟಳು.

"ನಾ ನಗ್ತಿರಲಿಲ್ಲೊ ಅಣ್ಣಾ… ಒಂದ ದಿನಾನೂ ಖರೇನ ನಕ್ಕಿಲ್ಲೊ…"

ಒಂದೇ ಒಂದು ದಿನ ಇದ್ದದ್ದನ್ನು ಇದ್ದಂತೆ ಹೇಳಿದ್ದರೆ ಅವ್ವ ಕರೆಸಿಕೊಳ್ಳುತ್ತಿದ್ದಳು. ಕೊನೆಯ ಸಲ ಕೈ ಹಿಡಿದು ಕೂರಬಹುದಿತ್ತು. ಈಗ ಹೋದರೆ ಯಾರ ಹತ್ತಿರ ಹೋಗಬೇಕು? ಇಲ್ಲೇ ಇದ್ದರೆ ಯಾರಿಗಾಗಿ ಇರಬೇಕು?

ಸ್ಟೆಲ್ಲಾ ಅವಳನ್ನು ತಬ್ಬಿಕೊಂಡು ಕೂತಳು. ಬಿಡುವಿನ ಸಮಯ ಮುಗಿಯಿತು.

ವಾರ್ಡಿಗೆ ಹೋದಾಗ ಹೆಡ್ ನರ್ಸ್ ಅವಳ ಕೆಂಪು ಕಣ್ಣು ನೋಡಿ, "ಏನಾಯಿತಮ್ಮ? ಹುಷಾರಾಗಿದ್ದೀಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಅಭ್ಯಾಸ ನೋಡಿ… ಬಾಯಿಂದ ಬಂದದ್ದು ಒಂದೇ ಮಾತು.

"ಆರಾಮ್ ಅದೀನಿ."

ಪ್ರೀತಿಯಿಂದ ಹೇಳಿದ ಸುಳ್ಳೂ ಸುಳ್ಳೇ… ದೂರ ಇರುವವರನ್ನು ಅದು ಇನ್ನಷ್ಟು ದೂರ ಮಾಡುತ್ತದೆ.

ಇವತ್ತು ನೀವೂ ಮನೆಗೆ ಫೋನ್ ಮಾಡಿ "ಎಲ್ಲಾ ಚೆನ್ನಾಗಿದೆ" ಅಂದಿರಲ್ಲ… ನಿಜ ಹೇಳಿ, ಚೆನ್ನಾಗಿದೆಯಾ?