ವಿಚಾರಿಸಲು ಬಂದವರು

ಬಿಳಿ ಕಾರು ಅಕ್ಕನ ಮನೆಯ ಮುಂದೆ ನಿಧಾನವಾಯಿತು. ನಿಲ್ಲಲಿಲ್ಲ. ಗಿರಣಿಯ ಬಾಗಿಲಲ್ಲಿದ್ದ ಸಿದ್ದರಾಜು ಕತ್ತು ಚಾಚಿ ನೋಡಿದ. ಹೆಣ್ಣಿನ ಕಡೆಯವರು! ಹೊಳೆನರಸೀಪುರದಲ್ಲಿ ಗಂಡಿನ ವಿಚಾರ ತಿಳಿಯಲು ಬಂದವರು ನೆಟ್ಟಗೆ ಗಂಡಿನ ಮನೆಗೆ ಹೋಗುವುದಿಲ್ಲ. ಮೊದಲು ಅಕ್ಕಪಕ್ಕದವರನ್ನು ಕೇಳುತ್ತಾರೆ, ಆಮೇಲೆ ಬಾಗಿಲು ತಟ್ಟುತ್ತಾರೆ.

ಅಕ್ಕನ ಮಗ ಅನಿಲ್‌ಕುಮಾರ್ ವಿಮಾನದ ಪೈಲಟ್. ಈಚೆಗಷ್ಟೇ ಕ್ಯಾಪ್ಟನ್ ಆಗಿದ್ದ. ಅವನು ತನ್ನ ಮಗಳು ವರ್ಷಾಳನ್ನೇ ಮದುವೆಯಾಗಬೇಕು ಎಂದು ಸಿದ್ದರಾಜು ಎಂದೋ ತೀರ್ಮಾನಿಸಿಬಿಟ್ಟಿದ್ದ. ಸೋದರಮಾವನಿಗೆ ಅಷ್ಟೂ ಹಕ್ಕಿಲ್ಲವೇ? ವರ್ಷಾಳಿಗೂ ಭಾವ ಎಂದರೆ ಪ್ರಾಣ. ಆದರೆ ಕ್ಯಾಪ್ಟನ್ ಆದದ್ದೇ ತಡ, ಮೈಸೂರು ಬೆಂಗಳೂರಿನಿಂದ ಸಂಬಂಧಗಳು ಬರತೊಡಗಿದ್ದವು. ಬಂದದ್ದನ್ನೆಲ್ಲ ಸಿದ್ದರಾಜು ದಾರಿಯಲ್ಲೇ ತಡೆದು ವಾಪಸು ಕಳಿಸುತ್ತಿದ್ದ. ಅದು ಅವನಿಗೆ ಊಟ ತಿಂಡಿಯಷ್ಟೇ ಸಹಜವಾಗಿಹೋಗಿತ್ತು.

ಕಾರು ಮುಂದೆ ಬಂದು ಅವನೆದುರಿಗೇ ನಿಂತಿತು. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಇಳಿದರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಹೆಚ್ಚು ನಗದ ಮುಖ.

"ಸಿದ್ದರಾಜು ಅವರು ತಾವೇನಾ? ನನ್ನ ಹೆಸರು ಭಾನುಪ್ರಿಯಾ. ಅನಿಲ್‌ಕುಮಾರ್ ಬಗ್ಗೆ ನಿಮ್ಮನ್ನೇ ಕೇಳಬೇಕಿತ್ತು."

"ಬನ್ನಿ ತಾಯಿ, ಒಳೀಕೆ ಬನ್ನಿ. ಯಾಕ್ ಬಂದಿದ್ದೀರಿ ಅಂತ ಬಾಯ್ಬುಟ್ಟು ಯೋಳ್ಬೇಕಾ? ನಂಗೊತ್ತು ಬುಡಿ."

"ಗೊತ್ತಾ? ಹಾಗಾದ್ರೆ ನನ್ನ ಕೆಲಸ ಸುಲಭ ಆಯ್ತು."

ಗಿರಣಿಯ ಹಿಂದೆಯೇ ಮನೆ. ಹೆಂಡತಿ ಕೃಷ್ಣಮ್ಮ ಕಾಫಿ ತಂದಿಟ್ಟಳು. ಭಾನುಪ್ರಿಯಾ ಲೋಟ ಮುಟ್ಟಲಿಲ್ಲ.

"ನಂಬಿ ಒಪ್ಪಿಸೋರು ನಾವು. ನಾಳೆ ಹೆಚ್ಚುಕಮ್ಮಿ ಆದ್ರೆ ಯಾರಿಗೆ ಮುಖ ತೋರಿಸೋದು? ಇದ್ದದ್ದು ಇದ್ದ ಹಾಗೆ ಹೇಳಿ," ಎಂದು ಮೊಬೈಲ್ ಮುಂದೆ ಹಿಡಿದರು.

ಸಿದ್ದರಾಜುವಿಗೆ ನೋಡುವ ಅಗತ್ಯವೇ ಇರಲಿಲ್ಲ. ಜಿಲ್ಲೆಯ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿದ ವಿಡಿಯೊ. ಚನ್ನರಾಯಪಟ್ಟಣದ ಬೀಗರ ಊಟ, ಸಿದ್ದರಾಜುವೂ ಹೋಗಿದ್ದ. ಡ್ಯೂಟಿ ಮುಗಿಸಿ ವಿಮಾನ ನಿಲ್ದಾಣದಿಂದ ಅನಿಲ್ ನೇರವಾಗಿ ಅಲ್ಲಿಗೇ ಬಂದಿದ್ದ. ವಿಡಿಯೊದಲ್ಲಿ ಪೈಲಟ್ ಕೋಟು, ಟೋಪಿ ಹಾಕಿದವನೊಬ್ಬ ಬೆನ್ನು ತಿರುಗಿಸಿಕೊಂಡು, ಕೈಯಲ್ಲಿ ಬಾಟಲಿ ಹಿಡಿದು ಕುಣಿಯುತ್ತಾನೆ. ಕುಣಿಯುತ್ತ ಮಾಂಸದ ಸಾರಿನ ಹಂಡೆಯ ಮೇಲೆ ಒರಗುತ್ತಾನೆ. ಅಲ್ಲೇ, ಬಡಿಸಲು ತೆಗೆದಿಟ್ಟ ಮುದ್ದೆಗಳ ಮೇಲೆ, ವಾಂತಿ ಮಾಡುತ್ತಾನೆ. ಆಮೇಲೆ ಚಿನ್ನದ ಬಣ್ಣದ ಪಟ್ಟಿಯಿದ್ದ ತೋಳಿನಿಂದ ಬಾಯಿ ಒರೆಸಿಕೊಳ್ಳುತ್ತಾನೆ. ನೋಡಿದವರು ಅನ್ನ ಬಿಡಬೇಕು, ಅಷ್ಟು ಅಸಹ್ಯ.

ಕೃಷ್ಣಮ್ಮ ಮುಖ ತಿರುಗಿಸಿದಳು. ಮೂಗು ಮುಚ್ಚಿಕೊಂಡು ಆ ಕೋಟು ಒಗೆದವಳೇ ಅವಳು.

"ಈ ಕೋಟು ಹಾಕಿಕೊಂಡಿರೋದು ಯಾರು?"

"ಇನ್ಯಾರು ತಾಯಿ? ನಮ್ಮ ಅನಿಲನೇ."

"ಬೆನ್ನಿನ ಹೊಲಿಗೆ ಬಿರಿಯೋ ಹಾಗಿದೆ. ಕೋಟು ಅವರಿಗೆ ಚಿಕ್ಕದಾಗಿದೆ ಅನ್ಸುತ್ತೆ."

"ಕುಡ್ದು ಕುಡ್ದು ಮೈ ಊದ್ಕಂಡದೆ ಕಣಮ್ಮ."

ಅಡುಗೆಮನೆಯಿಂದ ವರ್ಷಾ ದಡಬಡಿಸಿ ಬಂದಳು. "ಅಪ್ಪಾ, ಭಾವ ಯಾವತ್ತು ಕುಡ್ದವ್ರೆ?"

"ಒಳೀಕೋಗಮ್ಮಿ! ದೊಡ್ಡೋರು ಮಾತಾಡ್ವಾಗ ಬಾಯಾಕ್ಬ್ಯಾಡ."

ಅಲ್ಲಿಂದ ಸಿದ್ದರಾಜುವಿಗೆ ಹಿಡಿತವೇ ತಪ್ಪಿತು. ಅನಿಲ್ ಬೆಳಗೆದ್ದರೆ ಬಾಟಲಿ ಹುಡುಕುತ್ತಾನೆ ಎಂದ. ಹಾಸನದ ಲಾಡ್ಜಿನಲ್ಲಿ ಹುಡುಗಿಯರ ಜೊತೆ ಸಿಕ್ಕಿಬಿದ್ದಿದ್ದ ಎಂದ. ಅರಕಲಗೂಡಿನ ರಸ್ತೆಯಲ್ಲಿ ಕುಡಿದು ಕಾರು ಓಡಿಸಿ ಕರುವೊಂದನ್ನು ಕೊಂದ ಎಂದ. ಹೆಗಲ ಮೇಲೆ ಹೊತ್ತು ಆಡಿಸಿದ ಮಗುವಿನ ಮೇಲೆ ಮನುಷ್ಯ ಇಷ್ಟು ಹೊಲಸು ಸುರಿಯಬಲ್ಲನೇ? ಥೂ! ಸುರಿಯುವಾಗ ಕಣ್ಣಲ್ಲಿ ನೀರು ಬೇರೆ ತಂದುಕೊಂಡ.

"ಇಷ್ಟೆಲ್ಲ ಖಂಡಿತವಾಗಿ ನಿಜಾನಾ?"

"ನಮ್ಮನೆ ದೇವ್ರಾಣೆಗೂ! ಸ್ವಂತ ಅಕ್ಕನ ಮಗ, ಯೋಳಾಕೆ ನಾಚ್ಕೆ ಆಯ್ತದೆ. ಆದ್ರೆ ನಿಮ್ಮ ಮಗಳ ಬಾಳು ಕೆಡಬಾರ್ದು ನೋಡಿ."

ಭಾನುಪ್ರಿಯಾ ಅರ್ಥವಾಗದೆ ಅವನ ಮುಖ ನೋಡಿದರು.

"ನನ್ನ ಮಗಳಾ? ನನಗಿರೋದು ಗಂಡುಮಕ್ಕಳು. ನಾನು ಅನಿಲ್ ಕೆಲಸ ಮಾಡೋ ವಿಮಾನ ಕಂಪನಿಯವಳು. ಯೂನಿಫಾರ್ಮಿನಲ್ಲಿ ಕುಡಿದಿದ್ದಾರೆ ಅಂತ ದೂರು ಬಂದಿದೆ. ನಿಜ ಅಂತಾದ್ರೆ ಅವರ ಕೆಲಸ ಹೋಗುತ್ತೆ. ಬೇರೆ ಯಾವ ಕಂಪನಿಯೂ ಹತ್ತಿರ ಸೇರಿಸೋದಿಲ್ಲ."

ಸಿದ್ದರಾಜು ಎದ್ದು ಕೈಮುಗಿದ. ಕಣ್ಣೀರು ಎಲ್ಲಿ ಹೋಯಿತೋ.

"ಅಯ್ಯೋ ತಾಯಿ, ಅದು ಅನಿಲ ಅಲ್ಲ. ಅವ್ನು ಕೋಟು, ಟೋಪಿ ಬಿಚ್ಚಿಟ್ಟು ಉಣ್ಣಾಕೆ ಕೂತಿದ್ದ. ನಾನ್ ಯೋಳಿದ್ದೆಲ್ಲ ಸುಳ್ಳು. ಅವ್ನು ಅಂಥೋನಲ್ಲ."

"ಹಾಗಾದ್ರೆ ವಿಡಿಯೊದಲ್ಲಿರೋದು ಯಾರು?"

ಒಂದು ಹೆಸರು ಹೇಳಿದರೆ ಸಾಕಿತ್ತು. ಒಂದೇ ಹೆಸರು. ಅದು ಅವನ ನಾಲಿಗೆಯ ಮೇಲೆ ಬರಲಿಲ್ಲ. ನೆಲ ನೋಡುತ್ತ, ಗೊತ್ತಿಲ್ಲವೆಂದು ತಲೆಯಾಡಿಸಿದ. ಬಾಗಿಲಲ್ಲಿ ನಿಂತಿದ್ದ ವರ್ಷಾ ಅಪ್ಪನ ಬೆನ್ನನ್ನೇ ನೋಡಿದಳು. ವಾಕರಿಕೆ ಬಂದವಳಂತೆ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಭಾನುಪ್ರಿಯಾ ಎದ್ದು ಚಪ್ಪಲಿ ಮೆಟ್ಟಿದರು.

"'ಅವರ ಹೆಸರು ನಾನು ಹೇಳೋದಿಲ್ಲ, ಊರಲ್ಲಿ ಅವರ ಮರ್ಯಾದೆ ಹೋಗುತ್ತೆ. ನೀವೇ ಹೋಗಿ ಕೇಳಿ. ನನ್ನ ಕೆಲಸ ಹೋಗುತ್ತೆ ಅಂದ್ರೆ ಮಾವ ತಾವಾಗಿಯೇ ಒಪ್ಪಿಕೊಳ್ತಾರೆ' ಅಂತ ಹೇಳಿ ಅನಿಲ್ ನಿಮ್ಮ ವಿಳಾಸ ಕೊಟ್ಟಿದ್ದರು."