ಮಾತಾಡುವ ತೋಳು

"ಕಿವಿಗೆ ಹತ್ತಿ ಇಟ್ಕೊಳ್ಳೋಕೆ ಹೇಳಿ. ಮೆಷಿನ್ ತುಂಬಾ ಸದ್ದು ಮಾಡುತ್ತೆ," ಎಂದ ಸ್ಕ್ಯಾನಿಂಗ್ ಕೋಣೆಯ ಟೆಕ್ನಿಷಿಯನ್.

"ಅವಳಿಗೆ ಹುಟ್ಟಿದಾಗಿನಿಂದ ಕೇಳಿಸಲ್ಲ ಸಾರ್. ಹತ್ತಿ ನನಗೇ ಕೊಡಿ," ಎಂದ ಗಂಡ.

ಅವನು ಬಸ್ ಡ್ರೈವರ್. ಅವಳು ಕಿವುಡ ಮಕ್ಕಳ ಶಾಲೆಯಲ್ಲಿ ಟೀಚರ್. ಕೈಸನ್ನೆಯೇ ಅವಳ ಮಾತು. ಕೆಲವು ತಿಂಗಳಿಂದ ಬಲಭುಜ ಹಿಡಿದುಕೊಂಡು ಕೈ ಎದೆಯಿಂದ ಮೇಲೇಳುತ್ತಿರಲಿಲ್ಲ. ಟೀಚರ್ ಕಥೆಯ ಆನೆ ಕುರಿಯಷ್ಟಾಗಿದೆ ಎಂದು ಮಕ್ಕಳು ದೂರುತ್ತಿದ್ದರು. ಮನೆಯಲ್ಲಿ ಜಗಳ ಕೂಡ ಅರ್ಧಕ್ಕೇ ನಿಲ್ಲುತ್ತಿತ್ತು. ಒಳಗೆ ಸ್ನಾಯು ಹರಿದಿದ್ದರೆ ಆಪರೇಷನ್ನೇ ಗತಿ, ಎಂ.ಆರ್.ಐ. ಮಾಡಿಸದೆ ಏನೂ ಹೇಳಲಾರೆ ಎಂದಿದ್ದರು ಮೂಳೆ ಡಾಕ್ಟರು.

ಮೈಕಿನಲ್ಲಿ ಹೇಳಿದರೆ ಅವಳಿಗೆ ಕೇಳದು; ಅವಳು ಕೈ ಆಡಿಸಿದರೆ ಚಿತ್ರ ಕೆಡುತ್ತದೆ. ಕೊನೆಗೆ ಗಂಡನೇ ಅವಳ ಕಾಲ ಬಳಿ ಕೂರುವುದೆಂದಾಯಿತು. ಅವಳ ಕಾಲಿನ ಹೆಬ್ಬೆರಳು ಒಮ್ಮೆ ಒತ್ತಿದರೆ ಶುರು, ಎರಡು ಸಲ ಒತ್ತಿದರೆ ಮುಗಿಯಿತು. ಒಳಗೆ ಲೋಹ ತರಬಾರದೆಂದು ಬೆಲ್ಟ್ ಬಿಚ್ಚಿಸಿದ್ದರಿಂದ, ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದರಲ್ಲಿ ಹೆಂಡತಿಯ ಕಾಲು ಹಿಡಿದು ಕುಳಿತ.

ಮೆಷಿನ್ ಬಂಡೆ ಒಡೆಯುವಂತೆ ಬಡಿದುಕೊಳ್ಳತೊಡಗಿತು. ಬೆಟ್ಟದ ತಿರುವಿನಲ್ಲೂ ಬೆದರದ ಡ್ರೈವರ್ ಬೆವತುಹೋದ. ಅಂತೂ ಎರಡು ಸಲ ಒತ್ತಿದ. ಹೊರಬಂದ ಅವಳು ಆಕಳಿಸುತ್ತ ಎಡಗೈಯಲ್ಲಿ ಹೇಳಿದಳು: ತೊಟ್ಟಿಲು ತೂಗಿದ ಹಾಗಿತ್ತು, ನಿದ್ದೆ ಬಂದುಬಿಟ್ಟಿತು.

ಮಧ್ಯಾಹ್ನ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. "ಏನೂ ಹರಿದಿಲ್ಲ. ಕೀಲಿನ ಸುತ್ತ ಇರೋ ಪೊರೆ ಬಿಗಿದುಕೊಂಡಿದೆ, ಅಷ್ಟೇ. ಆಪರೇಷನ್ ಬೇಡ. ದಿನಾ ವ್ಯಾಯಾಮ ಮಾಡಿದ್ರೆ ನಿಧಾನಕ್ಕೆ ಸಡಿಲ ಆಗುತ್ತೆ."

"ಕೈ ಮೊದಲಿನ ಹಾಗೆ ಆಡುತ್ತಾ ಅಂತ ಕೇಳ್ತಿದ್ದಾಳೆ."

"ಆಡುತ್ತೆ. ಆಮೇಲೆ ನೀವು ಸ್ವಲ್ಪ ದೂರ ನಿಂತ್ಕೊಳ್ಳಿ."

ಅವನು ಅದನ್ನೂ ಬಿಡದೆ ಸನ್ನೆಯಲ್ಲಿ ತಿಳಿಸಿದ. ಕಾರಿಡಾರಿಗೆ ಬಂದದ್ದೇ ತಡ, ಅವಳ ಮಾತಿನ ಕಟ್ಟೆ ಒಡೆಯಿತು. ಎಡಗೈ, ಬಲಗೈ ಏಳುವಷ್ಟು, ಹುಬ್ಬು, ಕೆನ್ನೆ ಎಲ್ಲವೂ ಒಟ್ಟಿಗೆ ಮಾತಾಡಿದವು. ಮದುವೆಯಾಗಿ ಇಷ್ಟು ವರ್ಷಕ್ಕೆ ಕೊನೆಗೂ ನನ್ನ ಕಾಲು ಹಿಡಿದಿರಲ್ಲ, ಅದೂ ಗಡಗಡ ನಡುಗುತ್ತ! ನಡುಗಿದ್ದು ನಾನಲ್ಲ, ಮೆಷಿನ್ನು ಎಂದು ಅವನು ಎರಡೂ ಕೈ ಬೀಸಿ ವಾದಿಸಿದ. ಬೆಂಚಿನ ಮೇಲಿದ್ದ ರೋಗಿಗಳೆಲ್ಲ ತಮ್ಮ ನೋವು ಮರೆತು ಇತ್ತ ತಿರುಗಿ ನಗತೊಡಗಿದರು.

ಈ ನಗುವಿನ ಗದ್ದಲ ಕೇಳಿ ಆ ತುದಿಯಿಂದ ನರ್ಸ್ ತುಟಿಯ ಮೇಲೆ ಬೆರಳಿಟ್ಟುಕೊಂಡು ಬಿರಬಿರನೆ ಬಂದಳು. ಹತ್ತಿರ ಬಂದವಳು ಸನ್ನೆಯ ಜಗಳ ನೋಡಿ ಹಾಗೇ ನಿಂತಳು. ಬೆರಳು ತುಟಿಯ ಮೇಲೇ ಇತ್ತು. ನಗು ಅದರ ಎರಡೂ ಪಕ್ಕದಿಂದ ನುಸುಳಿ ಬಂತು.