ಹತ್ತು ಗಂಟೆಯ ಮೇಲಿನ ಸಾಂಬಾರ್

ಊರಿನ ಕಾನೂನಿನ ಪ್ರಕಾರ ತಿಂಡಿ ಗಾಡಿ ಇಡಬೇಕೆಂದರೆ ಸಂಶೋಧನೆ ಮಾಡಲೇಬೇಕು. ಸಂಶೋಧನೆ ನಡೆಯುವಷ್ಟು ದಿನ ಮಾತ್ರ ಗಾಡಿಗೆ ಪರವಾನಗಿ. ಪಕ್ಕದ ಎಳನೀರಿನವನದೇ ಎರಡು ಪ್ರಬಂಧ ಅಚ್ಚಾಗಿದ್ದವು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದ ಹಾಲೇಶನಿಗೆ ಇಂದೇ ಕೊನೆಯ ದಿನ. ವಿಷಯ ಒಪ್ಪಿಗೆಯಾಗದಿದ್ದರೆ ನಾಳೆ ಗಾಡಿ ಎತ್ತಿಕೊಂಡು ಹೋಗುತ್ತಾರೆ.

‘ಇಡ್ಲಿ’ ಎಂದು ಬರೆದುಕೊಟ್ಟ. ಪರವಾನಗಿ ಕಚೇರಿಯ ವಿಮಲಾಕ್ಷಿ ಮೇಡಂ, “ತುಂಬಾ ದೊಡ್ಡ ವಿಷಯ ಆಯ್ತು,” ಎಂದು ಕಾಗದವನ್ನು ಹಿಂದಕ್ಕೆ ತಳ್ಳಿದರು. ‘ನನ್ನ ಹೆಂಡತಿ ನಿನ್ನೆ ಬೇಯಿಸಿದ ಮೂರನೇ ಇಡ್ಲಿ’ ಎಂದು ತಿದ್ದಿದ.

“ಇದು ತೀರಾ ಚಿಕ್ಕದಾಯ್ತು ಕಣಪ್ಪ. ಗಿರಾಕಿಗಳು ದಿನಾ ಏನು ಕೇಳ್ತಾರೆ, ಅದನ್ನ ಹೇಳು.”

ಹಾಲೇಶನ ಪಿತ್ತ ನೆತ್ತಿಗೇರಿತು. “ಏನ್ ಕೇಳ್ತಾರೆ! ಹತ್ತು ಗಂಟೆ ಆದ್ಮೇಲೆ ಸಾಂಬಾರ್ ಯಾಕೆ ನೀರಾಗುತ್ತೆ ಅಂತ ಪ್ರಾಣ ತಿಂತಾರೆ!”

ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. “ಅಬ್ಬಾ! ಪ್ರಶ್ನೆ ಅಂದ್ರೆ ಇದಪ್ಪಾ!” ಸೀಲು ಎತ್ತಿದ ಕೈ ಅಲ್ಲೇ ನಿಂತಿತು. “ಉತ್ತರ ಮೊದಲೇ ಗೊತ್ತಿದ್ರೆ ಅರ್ಜಿ ರದ್ದು. ನಿನಗೆ ಗೊತ್ತಿಲ್ಲ ತಾನೆ?”

ಒಲೆಯ ಪಕ್ಕದ ನೀರಿನ ಚೊಂಬು ಹಾಲೇಶನ ಕಣ್ಣಮುಂದೆ ಹಾದುಹೋಯಿತು.

“ದೇವರಾಣೆಗೂ ಗೊತ್ತಿಲ್ಲ ಮೇಡಂ. ಹುಡುಕೋಕೆ ಹತ್ತು ವರ್ಷನಾದ್ರೂ ಬೇಕು.”